ತರಗತಿಯಲ್ಲಿ ಮೊಬೈಲ್ ಇರಬೇಕೇ?



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಮುಧೋಳದಲ್ಲಿ ಶಿಕ್ಷಕ. ಮೊನ್ನೆ ಆತ ಕೇಳಿದ ಪ್ರಶ್ನೆಯೇ ಈ ಲೇಖನದ ಶೀರ್ಷಿಕೆ. ಜಮಖಂಡಿ, ಬೀಳಗಿ, ಮುಧೋಳ, ರಬಕವಿ-ಬನಹಟ್ಟಿಗಳಲ್ಲಿ ಸೇವೆ ಸಲ್ಲಿಸಿ 2019ರಲ್ಲಿ ನಿವೃತ್ತನಾದ ನಾನು ಇದಕ್ಕೆ ಇತಿಹಾಸದಲ್ಲಿಯೇ ಉತ್ತರ ಹುಡುಕುತ್ತೇನೆ.

ನಮ್ಮ ಬಾಲ್ಯದಲ್ಲಿ ಪಾಟಿ ಮತ್ತು ಬಳಪ ಎಲ್ಲರ ಕೈಯಲ್ಲಿಯೂ ಇದ್ದವು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ದನಿಯನ್ನು ಒಂದೇ ರೇಡಿಯೊದ ಸುತ್ತ ಕುಳಿತು ಹತ್ತಾರು ಜನ ಕೇಳುತ್ತಿದ್ದರು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಪಾಠವೂ ಇಡೀ ತರಗತಿಗೆ ಒಂದೇ ಪರದೆಯ ಮೇಲೆ ಬರುತ್ತಿತ್ತು. ಮೊಬೈಲ್ ಮಾತ್ರ ಹಾಗಲ್ಲ. ಅದು ತಂದೆಯ ಕಿಸೆಯನ್ನು ಅವಲಂಬಿಸಿದ ಸಾಧನ.

ಇದನ್ನು ನಾನು ತಡವಾಗಿ ಅರಿತೆ. ಒಮ್ಮೆ ಬನಹಟ್ಟಿಯ ಹುಡುಗನೊಬ್ಬನಿಂದ ಫೋನು ಕಸಿದು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದೆ. ಮೂರನೆಯ ದಿನ ಅವನ ತಂದೆ ಮಗ್ಗ ಬಿಟ್ಟು ಬಂದು, “ಸರ್, ಮನೀಗೆಲ್ಲ ಅದೊಂದ ಫೋನ್ ಐತ್ರಿ. ಮಾಲಕರು ನೂಲಿಗೆ ಕರದ್ರೂ ಗೊತ್ತಾಗಲಿಲ್ರಿ” ಎಂದರು. ಶಿಸ್ತಿನ ಹೆಸರಿನಲ್ಲಿ ನಾನು ಅವರ ಎರಡು ದಿನದ ಕೂಲಿಯನ್ನು ಕಪಾಟಿನಲ್ಲಿ ಇಟ್ಟಿದ್ದೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಬೇಡವೆಂದಿದ್ದ ಫೋನೇ ಶಾಲೆಯಾಯಿತು. ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದರು: ಯಾವ ಸಾಧನವೂ ಇಲ್ಲದವರು, ಸಾದಾ ಮೊಬೈಲ್ ಇದ್ದವರು, ಇಂಟರ್ನೆಟ್ ಇದ್ದವರು. ಒಂದೇ ಬೆಂಚಿನ ಮೇಲೆ ಕುಳಿತವರು ಹೀಗೆ ಬೇರೆ ಬೇರೆ ಎಂಬ ಸತ್ಯವನ್ನು ಆ ವಿಂಗಡಣೆ ಬಯಲಿಗೆ ತಂದಿತು. ಆದರೂ ಗುಡಿಯ ಆವರಣದಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದ ಶಿಕ್ಷಕರಿಗೆ ನನ್ನ ನಮಸ್ಕಾರ.

ಆಗ ನಮ್ಮ ಓಣಿಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹೇಳುತ್ತಿದ್ದಳು: “ಅಪ್ಪ ಮಗ್ಗದಿಂದ ಬಂದ ಮ್ಯಾಲ ಪಾಠ ನೋಡ್ತೇನ್ರಿ, ಸರ್.” ಅಂದರೆ ರಾತ್ರಿ ಒಂಬತ್ತರ ನಂತರ. ಫೋನು ಇಲ್ಲದಿದ್ದರೆ ಅವಳಿಗೆ ಆ ಪಾಠವೂ ಇರುತ್ತಿರಲಿಲ್ಲ ಎಂಬುದನ್ನು ನಾನು ಮರೆತಿಲ್ಲ.

ಫ್ರಾನ್ಸ್ 2018ರಲ್ಲಿಯೇ ಶಾಲೆಗಳಲ್ಲಿ ಮಕ್ಕಳ ಫೋನನ್ನು ಕಾನೂನಿನಿಂದ ನಿರ್ಬಂಧಿಸಿತು. ಕಲಿಕೆಗೆ ನೆರವಾಗುವಾಗ ಮಾತ್ರ ತಂತ್ರಜ್ಞಾನ ಬಳಸಿರೆಂದು 2023ರಲ್ಲಿ ಯುನೆಸ್ಕೊ ವರದಿ ತಿಳಿಸಿತು.

ನನ್ನ ಉತ್ತರ ಇಷ್ಟೇ. ಅಗತ್ಯವಿದ್ದಾಗ ಫೋನು ಶಿಕ್ಷಕರ ಕೈಯಲ್ಲಿರಲಿ, ಅದರಲ್ಲಿರುವುದು ಇಡೀ ತರಗತಿಗೆ ಕಾಣಲಿ. ಮಕ್ಕಳ ಕಿಸೆಯಲ್ಲಿ ಬೇಡ. ಇದ್ದವರು, ಇಲ್ಲದವರು ಎಂಬ ಭೇದ ಮರೆಯಲು ಅವರಿಗಿರುವ ಸ್ಥಳ ಶಾಲೆಯೊಂದೇ.

ಇನ್ನೊಂದು ಮಾತು, ಮಗನೇ. ಯಾರದಾದರೂ ಫೋನು ಕಸಿದುಕೊಂಡರೆ ಬೀಗ ಹಾಕುವ ಮೊದಲು ಅದು ಯಾರದೆಂದು ಕೇಳು. ನಾನು ಕೇಳಿರಲಿಲ್ಲ.