ಮಿಕ್ಕ ಸಾಮಾನಿನ ಗಾಡಿ: ಗೋ-ಕಾರ್ಟ್ ಮತ್ತು ಅದರ ಜೀರ್ಣೋದ್ಧಾರ

ಉಕ್ಕಿನ ಕೊಳವೆಗಳನ್ನು ಬೆಸೆದ ಒಂದು ಚೌಕಟ್ಟು, ನಾಲ್ಕು ಪುಟ್ಟ ಚಕ್ರ, ಒಂದು ಸೀಟು, ಒಂದು ಎಂಜಿನ್: ಗೋ-ಕಾರ್ಟ್ ಎಂದರೆ ಇಷ್ಟೇ. ಅದಕ್ಕೆ ಬಾಗಿಲಿಲ್ಲ, ಚಾವಣಿಯಿಲ್ಲ, ಸ್ಪ್ರಿಂಗೂ ಇಲ್ಲ. ಸೀಟಿನ ತಳಕ್ಕೂ ನೆಲಕ್ಕೂ ನಡುವೆ ಗೇಣಿಗಿಂತ ಕಡಿಮೆ ಅಂತರ. ಇಷ್ಟು ಸರಳವಾದ್ದರಿಂದಲೇ ಮನೆಯ ಷೆಡ್ಡಿನಲ್ಲಿ ಅದನ್ನು ಕಟ್ಟಬಹುದಾಗಿತ್ತು. ದಶಕಗಳ ನಂತರ ಹಳೆಯದೊಂದನ್ನು ಕೊಂಡು ತಂದು ಮತ್ತೆ ಓಡುವಂತೆ ಮಾಡುವ ಹವ್ಯಾಸ ಬೆಳೆದದ್ದೂ ಅದೇ ಕಾರಣಕ್ಕೆ.

ಎಂಜಿನ್ ಇಲ್ಲದ ಮಕ್ಕಳ ಗಾಡಿಗಳ ಪಂದ್ಯ ಅಮೆರಿಕದಲ್ಲಿ ಮೊದಲೇ ಇತ್ತು. ಹಲಗೆ, ಪೆಟ್ಟಿಗೆ, ಹಳೆಯ ಚಕ್ರ ಜೋಡಿಸಿ ಇಳಿಜಾರಿನಲ್ಲಿ ಬಿಡುತ್ತಿದ್ದ ಈ ಗಾಡಿಗಳಿಗಾಗಿ 1934ರಲ್ಲಿ ಓಹಾಯೋದ ಡೇಟನ್‌ನಲ್ಲಿ ರಾಷ್ಟ್ರಮಟ್ಟದ ‘ಸೋಪ್ ಬಾಕ್ಸ್ ಡರ್ಬಿ’ ನಡೆಯಿತು. ಮರುವರ್ಷ ಅದು ಆಕ್ರನ್‌ಗೆ ಹೋಗಿ ಅಲ್ಲೇ ನೆಲೆಯೂರಿತು. ಗ್ಯಾರೇಜಿನಲ್ಲಿ ಬಿಸಾಡಿದ ಬೇರಿಂಗುಗಳನ್ನು ಹಲಗೆಗೆ ಸಿಕ್ಕಿಸಿ ನಮ್ಮ ಊರುಗಳ ಹುಡುಗರು ಓಡಿಸಿದ ಬೇರಿಂಗ್ ಗಾಡಿಯೂ ಇದೇ ಜಾತಿಯದು.

ಆ ಗಾಡಿಗೆ ಎಂಜಿನ್ ಕೂರಿಸಿದ ಕೀರ್ತಿ ಆರ್ಟ್ ಇಂಗಲ್ಸ್ ಅವರಿಗೆ ಸಲ್ಲುತ್ತದೆ. ಕ್ಯಾಲಿಫೋರ್ನಿಯಾದ ಕರ್ಟಿಸ್ ಕ್ರಾಫ್ಟ್ ಕಾರ್ಖಾನೆಯಲ್ಲಿ ಅವರು ರೇಸ್ ಕಾರು ಕಟ್ಟುವ ಕೆಲಸಗಾರ. ಆ ಕಾರ್ಖಾನೆಯ ಕಾರುಗಳು 1950ರಿಂದ 1955ರ ನಡುವೆ ಐದು ಸಲ ಇಂಡಿಯಾನಾಪೊಲಿಸ್ 500 ಪಂದ್ಯ ಗೆದ್ದಿದ್ದವು. 1956ರಲ್ಲಿ ಇಂಗಲ್ಸ್ ಗೆಳೆಯ ಲೂ ಬೊರೆಲ್ಲಿಯವರ ಜತೆ ಸೇರಿ ಲಾಸ್ ಏಂಜಲೀಸಿನಲ್ಲಿ ಮೊದಲ ಕಾರ್ಟ್ ಕಟ್ಟಿದರು. ಅದಕ್ಕೆ ಹಾಕಿದ್ದು ವೆಸ್ಟ್ ಬೆಂಡ್ ಕಂಪನಿಯ ಎರಡೂವರೆ ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್. ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿ, ಆ ಯಂತ್ರ ಮಾರುಕಟ್ಟೆಯಲ್ಲಿ ನಿಲ್ಲದೆ ಉಳಿದುಹೋದ ಮಾಲು ಅದು.

ಪ್ಯಾಸಡಿನಾದ ರೋಸ್ ಬೌಲ್ ಕ್ರೀಡಾಂಗಣದ ಪಾರ್ಕಿಂಗ್ ಬಯಲು ಇಂಥ ಗಾಡಿಗಳ ಮೊದಲ ಅಂಗಳವಾಯಿತು. ಕಂಡವರು ತಮಗೂ ಒಂದು ಬೇಕೆಂದರು. ಮಫ್ಲರ್ ಅಂಗಡಿ ನಡೆಸುತ್ತಿದ್ದ ಡಫಿ ಲಿವಿಂಗ್‌ಸ್ಟನ್ ಮತ್ತು ರಾಯ್ ಡೆಸ್ಬ್ರೋ ತಾವೇ ಕಟ್ಟತೊಡಗಿದರು. ಮಿಕ್ಕುಳಿದ ವೆಸ್ಟ್ ಬೆಂಡ್ ಎಂಜಿನ್‌ಗಳ ಮೂಲ ಗೊತ್ತಿದ್ದ ಬಿಲ್ ರೌಲ್ಸ್ ಅವರ ಜತೆಗೂಡಿದರು. ಮೂವರ ಗೋ ಕಾರ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಅಝೂಸಾ ಪಟ್ಟಣದಲ್ಲಿ ಬೆಳೆಯಿತು. ‘ಗೋ ಕಾರ್ಟ್’ ಎಂಬ ಹೆಸರು ಕೊಟ್ಟವರು ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದ ಲಿನ್ ವೈನ್‌ಲ್ಯಾಂಡ್. ಬಿಡಿಭಾಗಗಳನ್ನು ಕಿಟ್ ರೂಪದಲ್ಲಿ ಪೆಟ್ಟಿಗೆಗೆ ತುಂಬಿ ಅಂಚೆಯಲ್ಲಿ ಕಳಿಸುವ ವ್ಯಾಪಾರ ಕುದುರಿತು. ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳುತ್ತಿದ್ದರು.

ಮರ ಕೊಯ್ಯುವ ಚೈನ್ ಗರಗಸಕ್ಕೆ ಹೆಸರಾದ ಮೆಕಲಕ್ ಕಂಪನಿ 1959ರಲ್ಲಿ ಕಾರ್ಟ್‌ಗೆಂದೇ ಎಂಸಿ-10 ಎಂಬ ಎಂಜಿನ್ ಹೊರತಂದಿತು. ಅದೂ ಗರಗಸದ ಎಂಜಿನ್ನಿನ ಪರಿಷ್ಕೃತ ರೂಪವೇ. ಯುರೋಪಿಗೆ ಕಾರ್ಟ್‌ಗಳನ್ನು ಕೊಂಡೊಯ್ದವರಲ್ಲಿ ಅಲ್ಲಿನ ನೆಲೆಗಳಲ್ಲಿದ್ದ ಅಮೆರಿಕನ್ ಸೈನಿಕರೂ ಇದ್ದರು. 1962ರಲ್ಲಿ ಅಂತರರಾಷ್ಟ್ರೀಯ ಕಾರ್ಟಿಂಗ್ ಆಯೋಗ ಸ್ಥಾಪನೆಯಾಯಿತು. 1964ರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಇಟಲಿಯ ಗೀಡೊ ಸಾಲಾ ಅವರದಾಯಿತು. 1966ರಲ್ಲಿ ಅದೇ ದೇಶದ ಸೂಸಿ ರಗನೆಲ್ಲಿ ಎಂಬ ಯುವತಿ ಆ ಪಟ್ಟ ಗೆದ್ದರು. ಟೆಕ್ನೊ, ಬಿರೆಲ್, ಪರಿಲ್ಲಾ, ಕೊಮೆಟ್ ಮೊದಲಾದ ಇಟಾಲಿಯನ್ ಕಾರ್ಟ್ ಮತ್ತು ಎಂಜಿನ್ ಹೆಸರುಗಳು ಮುಂದೆ ಬಂದವು. ಎಂಜಿನ್ ಚಾಲಕನ ಬೆನ್ನ ಹಿಂದಿನಿಂದ ಪಕ್ಕಕ್ಕೆ ಸರಿಯಿತು. ಮುಂದೆ ಫಾರ್ಮುಲಾ ಒನ್ ಚಾಂಪಿಯನ್ ಆದ ಏರ್ಟನ್ ಸೆನ್ನಾ ನಾಲ್ಕನೆಯ ವಯಸ್ಸಿನಲ್ಲಿ ಓಡಿಸಿದ್ದು ತಂದೆ ಹುಲ್ಲು ಕತ್ತರಿಸುವ ಎಂಜಿನ್ ಹಾಕಿ ಕಟ್ಟಿಕೊಟ್ಟ ಕಾರ್ಟ್.

ಸ್ಪರ್ಧೆ ಬಿಗಿಯಾದಷ್ಟೂ ಹಳೆಯ ಗಾಡಿಗಳು ಬೇಗ ಮೂಲೆ ಸೇರಿದವು. ಮಕ್ಕಳು ಬೆಳೆದರು, ಅಪ್ಪಂದಿರ ಉತ್ಸಾಹ ತಣಿಯಿತು, ಮೊದಲ ಅಲೆಯಲ್ಲಿ ಹುಟ್ಟಿದ ಸಣ್ಣ ಕಂಪನಿಗಳು ಬಾಗಿಲು ಹಾಕಿದವು. ಕಾರ್ಟ್‌ಗಳು ಕಣಜದ ಅಟ್ಟದಲ್ಲಿ, ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ, ಗುಜರಿಯಲ್ಲಿ ಉಳಿದವು. ಬಾಲ್ಯದಲ್ಲಿ ಅವನ್ನು ಓಡಿಸಿದವರು, ಓಡಿಸಬೇಕೆಂದು ಆಸೆಪಟ್ಟು ಕೈಗೆಟುಕದೆ ಉಳಿದವರು, ಮಧ್ಯವಯಸ್ಸಿಗೆ ಬಂದು ಅವನ್ನು ಹುಡುಕತೊಡಗಿದಾಗ ಜೀರ್ಣೋದ್ಧಾರದ ಹವ್ಯಾಸ ಕುದುರಿತು. ಅಮೆರಿಕದ ವಿಂಟೇಜ್ ಕಾರ್ಟಿಂಗ್ ಅಸೋಸಿಯೇಷನ್, ಬ್ರಿಟನ್ನಿನ ಹಿಸ್ಟಾರಿಕ್ ಕಾರ್ಟ್ ಕ್ಲಬ್ ಇಂಥವರ ಕೂಟಗಳು. ದುರಸ್ತಿಯಾದ ಕಾರ್ಟ್‌ಗಳನ್ನು ಮತ್ತೆ ಅಂಗಳಕ್ಕಿಳಿಸುವುದು ಇವುಗಳ ಮುಖ್ಯ ಕೆಲಸ.

ದುರಸ್ತಿಯ ಮೊದಲ ಹೆಜ್ಜೆ ಗುರುತು ಹಿಡಿಯುವುದು. ತಯಾರಕರ ತಗಡು ಬಿದ್ದುಹೋಗಿದ್ದರೆ ಕೊಳವೆಯ ಬಾಗು, ವೆಲ್ಡಿಂಗಿನ ರೀತಿ, ಎಂಜಿನ್ ಕೂರಿಸಿದ ತೂತುಗಳ ಅಂತರವೇ ಸಾಕ್ಷಿ. ಒಂದರ ಪಕ್ಕ ಒಂದು ಮೂರು ಜೋಡಿ ತೂತು ಕಂಡರೆ ಆ ಗಾಡಿ ಮೂರು ಎಂಜಿನ್ ಕಂಡಿದೆ ಎಂದು ತಿಳಿಯಬಹುದು. ಮರೆಯ ಮೂಲೆಯಲ್ಲಿ ಬಣ್ಣವನ್ನು ಪದರ ಪದರವಾಗಿ ಉಜ್ಜಿದರೆ ತಳದಲ್ಲಿ ಮೂಲ ಬಣ್ಣ ಸಿಗುತ್ತದೆ. ಆಮೇಲೆ ಬಿಚ್ಚುವ ಕೆಲಸ: ಪ್ರತಿ ಭಾಗಕ್ಕೂ ಚೀಟಿ, ಪ್ರತಿ ಹಂತಕ್ಕೂ ಚಿತ್ರ. ಮೆಕಲಕ್ ಕಂಪನಿಯ ಒಡೆಯ ರಾಬರ್ಟ್ ಮೆಕಲಕ್ 1968ರಲ್ಲಿ ಹಳೆಯ ಲಂಡನ್ ಸೇತುವೆಯನ್ನೇ ಕೊಂಡು, ಕಲ್ಲುಗಳಿಗೆ ನಂಬರ್ ಹಾಕಿಸಿ ಬಿಚ್ಚಿ ತಂದು ಅರಿಝೋನಾದಲ್ಲಿ ಮತ್ತೆ ನಿಲ್ಲಿಸಿದ್ದರು. ಕಾರ್ಟ್ ದುರಸ್ತಿಯ ಶಿಸ್ತೂ ಅದೇ, ಅಳತೆ ಮಾತ್ರ ಚಿಕ್ಕದು.

ಎಂಜಿನ್ ಕೆಲಸ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿದವರಿಗೆ ಹೊಸದಲ್ಲ. ಹಿಡಿದುಕೊಂಡ ಪಿಸ್ಟನ್ನನ್ನು ಸುತ್ತಿಗೆಯಿಂದ ಬಡಿಯದೆ ಎಣ್ಣೆ ಇಳಿಸಿ ದಿನಗಟ್ಟಲೆ ಕಾಯಬೇಕು. ಕ್ರ್ಯಾಂಕಿನ ರಬ್ಬರ್ ಸೀಲುಗಳನ್ನು ಬದಲಿಸಲೇಬೇಕು: ಒಣಗಿ ಬಿರಿದ ಸೀಲಿನ ಸಂದಿಯಿಂದ ಗಾಳಿ ನುಗ್ಗಿದರೆ ಪೆಟ್ರೋಲಿನ ಪ್ರಮಾಣ ತಗ್ಗಿ, ಎಂಜಿನ್ ಅತಿಯಾಗಿ ಕಾದು ಮತ್ತೆ ಸೀಜ್ ಆಗುತ್ತದೆ. ಕಾರ್ಬ್ಯುರೇಟರಿನಲ್ಲಿ ಗರಗಸದ ವಂಶಾವಳಿ ಎದ್ದು ಕಾಣುತ್ತದೆ. ಮರ ಕೊಯ್ಯುವವರು ಗರಗಸವನ್ನು ಹೇಗೆ ಓರೆ ಮಾಡಿದರೂ ಎಂಜಿನ್ ನಿಲ್ಲಬಾರದು. ಅದಕ್ಕಾಗಿ ತೇಲುವ ಫ್ಲೋಟಿನ ಬದಲು ತೆಳು ಪೊರೆಯೊಂದು ಪೆಟ್ರೋಲನ್ನು ಅಳೆದು ಬಿಡುವ ಏರ್ಪಾಡು ಅದರಲ್ಲಿದೆ. ತಿರುವಿನಲ್ಲಿ ಎಸೆದಾಡುವ ಕಾರ್ಟ್‌ಗೂ ಅದು ಒಗ್ಗಿತು. ವರ್ಷಗಟ್ಟಲೆ ಬಿಟ್ಟರೆ ಆ ಪೊರೆ ಗಡುಸಾಗುತ್ತದೆ. ‘ಕೆಟ್ಟುಹೋದ’ ಎಷ್ಟೋ ಎಂಜಿನ್‌ಗಳ ರೋಗ ಇಷ್ಟೇ ಆಗಿರುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಚೌಕಟ್ಟು. ಆರಂಭದ ಅನೇಕ ಕಾರ್ಟ್‌ಗಳಲ್ಲಿ ಎಂಜಿನ್ ಹಿಂದಿನ ಒಂದೇ ಚಕ್ರವನ್ನು ತಿರುಗಿಸುತ್ತಿತ್ತು. ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿಯಾದ ಮೇಲೆ ತಿರುವು ತೆಗೆದುಕೊಳ್ಳಲು ಒಳಬದಿಯ ಹಿಂದಿನ ಚಕ್ರ ಕೊಂಚ ಮೇಲೇಳಲೇಬೇಕಾಯಿತು. ಅದನ್ನು ಎತ್ತುವುದು ಮುಂದಿನ ಚಕ್ರಗಳ ಓರೆ ಮತ್ತು ಚೌಕಟ್ಟಿನ ತಿರುಚು. ಸ್ಪ್ರಿಂಗಿನ ಕೆಲಸವನ್ನು ಕೊಳವೆಗಳೇ ಮಾಡುವುದರಿಂದ ವರ್ಷಾನುಗಟ್ಟಲೆ ಬಳುಕಿದ ಕಡೆ ಬಿರುಕು ಬೀಳುತ್ತದೆ. ಗಟ್ಟಿಯಾಗಲೆಂದು ಅಲ್ಲಿ ದಪ್ಪ ತಗಡು ಬೆಸೆದರೆ ಬಿರುಕು ಮುಚ್ಚುತ್ತದೆ, ಆದರೆ ಬಳುಕು ಸತ್ತು ಗಾಡಿ ತಿರುಗಲು ಮೊಂಡು ಹಿಡಿಯುತ್ತದೆ. ನುರಿತವರು ಚೌಕಟ್ಟನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ನಾಲ್ಕು ಮೂಲೆಯ ಎತ್ತರ ಅಳೆದು, ಬಿರುಕಿನ ಜಾಗದಲ್ಲಷ್ಟೇ ಬೆಸೆಯುತ್ತಾರೆ. ಹೊಳಪಿಗಾಗಿ ಕ್ರೋಮ್ ಲೇಪಿಸುವಾಗಲೂ ಎಚ್ಚರ ಬೇಕು: ಲೇಪನದ ವೇಳೆ ಹೈಡ್ರೋಜನ್ ಹೊಕ್ಕರೆ ಗಡುಸು ಉಕ್ಕು ಪೆಡಸಾಗುತ್ತದೆ.

ಎಷ್ಟು ದುರಸ್ತಿ ಸಾಕು ಎಂಬ ತಕರಾರು ಹವ್ಯಾಸಿಗಳಲ್ಲಿ ಇಂದಿಗೂ ಇದೆ. ಕಾರ್ಖಾನೆಯಿಂದ ಈಗ ಬಂದಂತೆ ಹೊಳೆಯಬೇಕೆನ್ನುವವರು ಒಂದು ಕಡೆ. ಸವೆದ ಬಣ್ಣ, ಹಳೆಯ ಪಂದ್ಯದ ನಂಬರ್ ಹಾಗೇ ಇರಲಿ ಎನ್ನುವವರು ಇನ್ನೊಂದು ಕಡೆ. ಕಾರ್ಟ್ ಮಟ್ಟಿಗೆ ಎರಡನೆಯ ವಾದಕ್ಕೆ ಬಲ ಹೆಚ್ಚು. ಬೇರೆ ಯಂತ್ರದ ಎಂಜಿನ್ ತಂದು, ಮನೆಯಲ್ಲಿ ಜೋಡಿಸಿ, ವರ್ಷಕ್ಕೊಮ್ಮೆ ಬದಲಿಸುತ್ತ ಬಂದ ಗಾಡಿಗೆ ‘ಮೂಲ ರೂಪ’ ಎಂಬುದು ಒಂದೇ ಇರಲಿಲ್ಲ. ಬೈಕ್ ಎಂಜಿನ್ ಹಾಕಿ ಕಾರ್ಟ್ ಕಟ್ಟುವ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ನಡೆಯುತ್ತಿರುವುದೂ ಇಂಗಲ್ಸ್ ತುಳಿದ ಹಾದಿಯಲ್ಲೇ. ಹಳೆಯ ಕಾರ್ಟ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಚೌಕಟ್ಟನ್ನು. ಎಂಜಿನ್ ಬೇರೆ ಕಡೆಯಿಂದ ತಂದರಾಯಿತು, ಮೊದಲ ದಿನದಿಂದಲೂ ಹಾಗೇ ತಂದದ್ದು. ಚೌಕಟ್ಟು ಹೋದರೆ ಕಾರ್ಟೇ ಹೋದಂತೆ.