ಕಾಳಿನಷ್ಟು ಗ್ರಂಥಿ, ಶತಮಾನದ ಪ್ರಶ್ನೆ

ನಮ್ಮ ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂಬದಿಗೆ, ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಕಾಯುವ ಈ ಪ್ಯಾರಾಥೈರಾಯ್ಡ್‌ಗಳ ಚರಿತ್ರೆ ಆರಂಭವಾಗುವುದು ಭಾರತದ ಒಂದು ಘೇಂಡಾಮೃಗದಿಂದ. 1849ರಲ್ಲಿ ಲಂಡನ್ ಮೃಗಾಲಯದಲ್ಲಿ ಸತ್ತ ಆ ಪ್ರಾಣಿಯನ್ನು ಕೊಯ್ದು ನೋಡಿದ ರಿಚರ್ಡ್ ಓವೆನ್ ಈ ಗ್ರಂಥಿಯನ್ನು ವರ್ಣಿಸಿದರು. ಮನುಷ್ಯರಲ್ಲೂ ಅದನ್ನು ಗುರುತಿಸಿ 1880ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರೋಮ್.

ಗ್ರಂಥಿ ದೊಡ್ಡದಾಗುವುದು ಮೂಳೆರೋಗದ ಪರಿಣಾಮವೆಂದೇ ಅಂದಿನ ಅನೇಕ ವೈದ್ಯರು ನಂಬಿದ್ದರು. ಹಾಗಾಗಿ ಮೂಳೆ ಸವೆದು ನರಳುತ್ತಿದ್ದ ವಿಯೆನ್ನಾದ ಟ್ರಾಮ್ ಕಂಡಕ್ಟರೊಬ್ಬರಿಗೆ ಫೆಲಿಕ್ಸ್ ಮಾಂಡ್ಲ್ ಮೊದಲು ಬೇರೊಬ್ಬರ ಗ್ರಂಥಿಯನ್ನೇ ಕಸಿ ಮಾಡಿದರು. ಗುಣವಾಗಲಿಲ್ಲ. 1925ರಲ್ಲಿ ಕುತ್ತಿಗೆಯ ಗಡ್ಡೆಯನ್ನು ತೆಗೆದಾಗ ರೋಗಿ ಚೇತರಿಸಿಕೊಂಡರು. ಗಡ್ಡೆಯೇ ಮೂಲವೆಂದು ಸ್ಪಷ್ಟವಾಯಿತು. ಆದರೆ ಕೆಲವು ವರ್ಷಗಳ ನಂತರ ರೋಗ ಮರುಕಳಿಸಿತು. ಅದು ಕ್ಯಾನ್ಸರ್ ಇದ್ದಿರಬಹುದೆಂದು ನಂತರದವರು ಊಹಿಸಿದ್ದಾರೆ.

1963ರಲ್ಲಿ ಬರ್ಸನ್, ಯಾಲೋ ಮತ್ತು ಸಂಗಡಿಗರು ಈ ಗ್ರಂಥಿಯ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ವಿಧಾನ ಪ್ರಕಟಿಸಿದರು. ಗ್ರಂಥಿ ಅತಿಯಾಗಿ ದುಡಿಯುತ್ತಿದೆಯೇ ಎಂಬುದಕ್ಕೆ ಉತ್ತರ ಸಿಕ್ಕಿತು. ಗಡ್ಡೆ ಸಾದಾ ಗಡ್ಡೆಯೋ ಕ್ಯಾನ್ಸರೋ ಎಂಬುದಕ್ಕೆ ಸಿಗಲಿಲ್ಲ. ನೂರರಲ್ಲಿ ಒಂದಕ್ಕೂ ಕಡಿಮೆ ಪ್ರಕರಣಗಳಲ್ಲಿ ಮಾತ್ರ ಅದು ಕ್ಯಾನ್ಸರ್. ಸೂಕ್ಷ್ಮದರ್ಶಕದಡಿ ಎರಡೂ ಬಹುಪಾಲು ಒಂದೇ ರೀತಿ ಕಾಣುತ್ತವೆ. ಜೀವಕೋಶ ಹರಡೀತೆಂಬ ಭಯದಿಂದ ಸೂಜಿ ಚುಚ್ಚಿ ಪರೀಕ್ಷಿಸುವುದನ್ನೂ ವೈದ್ಯರು ತಪ್ಪಿಸುತ್ತಾರೆ.

ದಾರಿ ತೋರಿಸಿದ್ದು ಪ್ಯಾರಾಥೈರಾಯ್ಡ್ ಮತ್ತು ದವಡೆಯ ಗಡ್ಡೆಗಳು ವಂಶಪಾರಂಪರ್ಯವಾಗಿ ಬರುವ ಕುಟುಂಬಗಳು. ಅವುಗಳ ಅಧ್ಯಯನದಿಂದ 2002ರಲ್ಲಿ ಸಿಡಿಸಿ73 ಎಂಬ ವಂಶವಾಹಿ ಪತ್ತೆಯಾಯಿತು. ಗಡ್ಡೆ ಬೆಳೆಯದಂತೆ ತಡೆಯುವ ಪ್ಯಾರಾಫೈಬ್ರೊಮಿನ್ ಎಂಬ ಪ್ರೋಟೀನಿಗೆ ಇದೇ ಮೂಲ. ಮರುವರ್ಷವೇ, ಕುಟುಂಬದಲ್ಲಿ ಯಾರಿಗೂ ಇಲ್ಲದೆ ಬಂದ ಕ್ಯಾನ್ಸರುಗಳಲ್ಲೂ ಅದರ ದೋಷ ಕಂಡುಬಂತು. ಈಗ ತೆಗೆದ ಗಡ್ಡೆಯ ತೆಳು ಪದರಕ್ಕೆ ವಿಶೇಷ ಬಣ್ಣ ಹಾಕಿ ನೋಡುತ್ತಾರೆ. ಪ್ರೋಟೀನ್ ಇದ್ದರೆ ಕೋಶಕೇಂದ್ರ ಬಣ್ಣ ಹಿಡಿಯುತ್ತದೆ, ಹಿಡಿಯದಿದ್ದರೆ ಎಚ್ಚರಿಕೆ. ಇದೂ ಅಂತಿಮ ತೀರ್ಪಲ್ಲ. ಬಣ್ಣ ಹಿಡಿಯುವ ಕ್ಯಾನ್ಸರುಗಳಿವೆ, ಹಿಡಿಯದ ಸಾದಾ ಗಡ್ಡೆಗಳೂ ಇವೆ. ಆದ್ದರಿಂದ ಬೇರೆ ಸೂಚಕಗಳನ್ನೂ, ಗಡ್ಡೆ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದೆಯೇ ಎಂಬುದನ್ನೂ ಕೂಡಿಸಿ ನಿರ್ಧರಿಸುತ್ತಾರೆ. ಪ್ಯಾರಾಫೈಬ್ರೊಮಿನ್ ಇಲ್ಲದ ಗಡ್ಡೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಪ್ರತ್ಯೇಕವಾಗಿಯೇ ಗುರುತಿಸಿದೆ.

ಈ ಸೂಚಕದ ಬೆಲೆ ಒಬ್ಬ ರೋಗಿಗಷ್ಟೇ ಸೀಮಿತವಲ್ಲ. ಕೆಲವರಲ್ಲಿ ದೋಷ ಹುಟ್ಟಿನಿಂದಲೇ ಬಂದಿರುತ್ತದೆ. ಆಗ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ನಮ್ಮಂಥವರ ಕುಟುಂಬದ ಆರೋಗ್ಯ ಚರಿತ್ರೆ ಎರಡು ದೇಶಗಳಲ್ಲಿ ಹಂಚಿಹೋಗಿದೆ. ಊರಿನಲ್ಲಿ ಯಾರಿಗಾದರೂ ಇಂಥ ಗಡ್ಡೆ ತೆಗೆದಿದ್ದರೆ ಇಲ್ಲಿನ ವೈದ್ಯರಿಗೆ ತಿಳಿಸಿ. ಇಲ್ಲಿ ತಿಳಿದದ್ದನ್ನು ಊರಿನವರಿಗೂ ಮುಟ್ಟಿಸಿ.