ಹಳೆಯ ಲೆನ್ಸು, ಮುಳುಗಿದ ಓಣಿಗಳು

1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಬಾಂಬೆ ಸರಕಾರದ ಪರವಾಗಿ ಕ್ಯಾಮೆರಾ ಹೊತ್ತು ನಮ್ಮ ಸೀಮೆಗೆ ಬಂದ. ಬಾದಾಮಿಯ ಗುಹೆಗಳನ್ನು, ಹುನಗುಂದ ತಾಲೂಕಿನ ಐಹೊಳೆಯ ಗುಡಿಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಆ ಕೆಲಸವನ್ನು ಮುಂದುವರಿಸಿದವನು ವೈದ್ಯನಾದ ಪಿಗೂ. ಇವರ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗುಸನ್‌ರ ಬರಹಗಳೊಂದಿಗೆ ಲಂಡನ್ನಿನಲ್ಲಿ ಗ್ರಂಥವಾಗಿ ಪ್ರಕಟವಾದವು. ಐಹೊಳೆಯ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದ ಕಾಲವೂ ಒಂದಿತ್ತು. ಲಾಡ್‌ಖಾನ್ ಎಂಬವನು ವಾಸವಿದ್ದ ಗುಡಿಗೆ ಇಂದಿಗೂ ಅವನದೇ ಹೆಸರು.

ಗುಡಿಗಳಿಗೆ ಬಿಗ್ಸ್ ಸಿಕ್ಕ. ನಮ್ಮ ಓಣಿ, ಸಂತೆ, ಮದುವೆಗಳಿಗೆ ಸಿಕ್ಕವರು ಊರಿನ ಸ್ಟುಡಿಯೋದವರು. ಡಿಜಿಟಲ್ ಬಂದಾಗ ಅವರ ಫಿಲ್ಮ್ ಕ್ಯಾಮೆರಾಗಳು ಅಟ್ಟ ಸೇರಿದವು. ಆದರೆ ಬೂಸು ಹಿಡಿಯದ ಗಾಜಿಗೆ ವಯಸ್ಸೆಲ್ಲಿದೆ?

ಇಳಕಲ್ ನೇಕಾರರು ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಹಾಕಿ ಜೋಡಿಸುತ್ತಾರಲ್ಲ, ಹಳೆಯ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ ನಡುವೆ ಅಂಥ ಕೆಲಸ ಮಾಡುವುದು ಅಡಾಪ್ಟರ್ ಎಂಬ ಲೋಹದ ಬಳೆ. ಲೆಕ್ಕವೆಲ್ಲ ಇರುವುದು ಅಂತರದಲ್ಲಿ. 42 ಮಿಲಿಮೀಟರ್ ತಿರುಪಿನ ಹಳೆಯ ಲೆನ್ಸಿಗೆ ಫಿಲ್ಮ್ 45.46 ಮಿ.ಮೀ. ಹಿಂದಿರಬೇಕು. 2008ರಿಂದ ಬಂದ, ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ ಈ ಅಂತರ 20 ಮಿ.ಮೀ. ಆಸುಪಾಸು. ಉಳಿದದ್ದನ್ನು ಬಳೆ ತುಂಬುತ್ತದೆ. ಕನ್ನಡಿಯುಳ್ಳ ನಿಕಾನ್‌ನಲ್ಲಾದರೋ 46.5 ಮಿ.ಮೀ.; ಅಲ್ಲಿ ಅದೇ ಲೆನ್ಸು ಒಂದು ಮಿಲಿಮೀಟರ್ ಮುಂದಾಗಿ ಹತ್ತಿರದ ಮುಖವನ್ನು ತೋರಿಸೀತು, ದೂರದ ಬಾದಾಮಿ ಗುಡ್ಡ ಮಾತ್ರ ಮಸುಕು. ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕು, ಬೆಳಕಿನ ಕಿಂಡಿಯನ್ನೂ ಕೈಯಿಂದಲೇ ಕಿರಿದು ಮಾಡಬೇಕು. ಅವಸರದವರಿಗೆ ಇದು ಒಗ್ಗದು.

ಹವ್ಯಾಸಿಗಳು ಇದರಲ್ಲಿ ಹಿನ್ನೆಲೆಯ ಚೆಂದವನ್ನು ಹುಡುಕುತ್ತಾರೆ. ನಮಗೆ ಬೇಕಾದದ್ದು ಬೇರೆ. ಆಲಮಟ್ಟಿ ಹಿನ್ನೀರು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿ ಜನ ನವನಗರಕ್ಕೆ ಹೋದರು. ಆ ಓಣಿಗಳ ಬಾಗಿಲು, ಕಟ್ಟೆ, ಅಂಗಡಿಗಳು ಉಳಿದಿದ್ದರೆ ಹಳೆಯ ನೆಗೆಟಿವ್‌ಗಳಲ್ಲೇ. ತೇವ ತಾಗಿದ ನೆಗೆಟಿವ್ ಬೂಸು ಹಿಡಿದು ಹಾಳಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ಕತ್ತಲೆ ಕೋಣೆಯ ಎನ್‌ಲಾರ್ಜರ್ ಲೆನ್ಸು. ಚಪ್ಪಟೆ ಕಾಗದದ ಮೇಲೆ ಮೂಲೆಯಿಂದ ಮೂಲೆಗೆ ಸ್ಪಷ್ಟವಾಗಿ ಚಿತ್ರ ಮೂಡಿಸಲೆಂದೇ ಮಾಡಿದ್ದು ಅದು. ಅದರ ತಿರುಪು ಹೆಚ್ಚಾಗಿ 39 ಮಿ.ಮೀ. ತಿದಿಯಂಥ ಬೆಲ್ಲೋಸಿನ ಮೂಲಕ ಅದನ್ನು ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿ, ನೆಗೆಟಿವ್‌ನ ಹಿಂದೆ ಸಮನಾದ ಬೆಳಕಿಟ್ಟು ಒಂದೊಂದನ್ನೇ ತೆಗೆದರೆ ಆಯಿತು. ಕಪ್ಪು ಬಿಳುಪನ್ನು ಕಂಪ್ಯೂಟರಿನಲ್ಲಿ ತಿರುಗುಮುರುಗು ಮಾಡಬಹುದು. ಬೀಗ ಬಿದ್ದ ಸ್ಟುಡಿಯೋದ ಸಾಮಾನು ತೂಕದ ಲೆಕ್ಕದಲ್ಲಿ ಗುಜರಿ ಸೇರುವ ಮುನ್ನ ಈ ಕೆಲಸ ನಡೆಯಬೇಕು. ತೆಗೆಯುವಾಗ ಹಳೆಯ ಊರನ್ನು ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದು ಯಾವ ಓಣಿ, ಇದು ಯಾರ ಅಂಗಡಿ ಎಂದು ಆಗಲೇ ಬರೆದಿಟ್ಟುಕೊಳ್ಳಬೇಕು.